ವೈರ್ ಗಿಡ್ಡ ಆಗಿದೆ, ಟೇಪ್ ಸುತ್ತಿ ಮೇಲೆ ಗಿಲಾವು ಮಾಡಿದರೆ ನಡೆಯುತ್ತಾ?

ಪ್ರಶ್ನೆ (ರಾಯಚೂರು):
ಅಣ್ಣಾರ, ಕೂಲರ್ ಇಡಲು ಕಿಟಕಿ ಪಕ್ಕದ ಸ್ವಿಚ್ ಬೋರ್ಡನ್ನು ಒಂದು ಅಡಿ ಆಚೆ ಸರಿಸಿದ್ದೇವೆ. ಗೌಂಡಿ ಹೊಸ ಡಬ್ಬಿ ಕೂರಿಸಿದ. ಈಗ ನೋಡಿದರೆ ಹಳೇ ವೈರ್ ಅಲ್ಲಿಗೆ ಒಂದು ಗೇಣು ಸಾಲದು. ತಿರುಚಿ ಟೇಪ್ ಸುತ್ತಿ ಗಿಲಾವು ಮಾಡಿಬಿಡೋಣ ಅಂತಾನೆ. ಮಾಡಲಾ?

ಉತ್ತರ (ಮಾನ್ವಿ):
ಬೇಡ್ರೀ. ನಮ್ಮ ಮನೆಯಲ್ಲೂ ಹೀಗೇ ಮುಚ್ಚಿದ್ದರು. ಎರಡು ಬೇಸಿಗೆ ಕಳೆದ ಮೇಲೆ ಕೂಲರ್ ಹಾಕಿದಾಗೆಲ್ಲ ಲೈಟ್ ಮಿಣಮಿಣ ಅನ್ನೋದು. ಗೋಡೆ ಒಡೆದು ನೋಡಿದರೆ ಟೇಪಿನ ಅಂಟು ಬೆಲ್ಲದ ಪಾಕದ ಹಾಗೆ ಇಳಿದಿತ್ತು, ತಾಮ್ರ ಕರ್ರಗಾಗಿತ್ತು. ಗಂಟು ಸಡಿಲಾದರೆ ಅಲ್ಲೇ ಬಿಸಿ ಏರುತ್ತೆ, ಆದರೆ ಕರೆಂಟ್ ಜಾಸ್ತಿ ಎಳೆಯದ ಕಾರಣ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಬೀಳುವುದೇ ಇಲ್ಲ.

ಮೊದಲು ಹಳೇ ವೈರಿನ ತುದಿಗೆ ಹೊಸದನ್ನು ಕಟ್ಟಿ ಎಳೆಸಿ ನೋಡಿ, ಜಾಯಿಂಟೇ ಇರದಿದ್ದರೆ ಎಲ್ಲಕ್ಕಿಂತ ಒಳ್ಳೇದು. ಬರದಿದ್ದರೆ ಹಳೇ ಡಬ್ಬಿಯನ್ನು ಹಾಗೇ ಬಿಟ್ಟು, ಅದರೊಳಗೆ ಎರಡು ವೈರ್ ಜೋಡಿಸುವ ಕನೆಕ್ಟರ್ ಹಾಕಿ, ಅಲ್ಲಿಂದ ಹೊಸ ಡಬ್ಬಿಗೆ ಪೈಪ್ ಎಳೆದು, ಮೇಲೆ ಸ್ಕ್ರೂ ಬಿಚ್ಚುವಂಥ ಖಾಲಿ ಪ್ಲೇಟ್ ಹಾಕಿಸಿ. ಚೆಂದ ಕಾಣಲ್ಲ, ಇರಲಿ. ಹಳೇ ವೈರ್ ದಪ್ಪ 2.5 ಚದರ ಮಿ.ಮೀ. ಇದ್ದರೆ ಹೊಸದೂ ಅಷ್ಟೇ ಇರಬೇಕು. ಹಳೇದು ಅಲ್ಯೂಮಿನಿಯಂ ಆಗಿದ್ದರೆ ತಾಮ್ರಕ್ಕೆ ನೇರ ತಿರುಚಲೇಬೇಡಿ. ಹಸಿರು ಅರ್ಥ್ ವೈರನ್ನು ಮಾತ್ರ ಸುಮ್ನೆ ಮಡಚಿ ಬಿಡಬೇಡಿ, ಕೂಲರ್ ಅಂದರೆ ತಗಡು ಮತ್ತು ನೀರು ಅಲ್ವಾ.

ಪ್ರಶ್ನೆ ಕೇಳಿದವರು:
ಎಳೆದರೆ ವೈರ್ ಅಲುಗಾಡುತ್ತಿಲ್ಲ, ಪೈಪಿನೊಳಗೆ ಸಿಮೆಂಟ್ ಹೋಗಿರಬೇಕು. ಇನ್ನೊಂದು ವಿಚಿತ್ರ. ಮೇನ್ ಇಳಿಸಿದರೂ ಒಂದು ಕೆಂಪು ವೈರಿಗೆ ಟೆಸ್ಟರ್ ಹಚ್ಚಿದರೆ ಉರಿಯುತ್ತೆ!

ಉತ್ತರ (ಸಿಂಧನೂರು):
ಮುಟ್ಟಬೇಡಿ. ಮನೆಯಲ್ಲಿ ಇನ್ವರ್ಟರ್ ಇದೆಯಾ? ಮೇನ್ ಇಳಿಸಿದ ಕೂಡಲೇ ಅದು ಶುರುವಾಗಿ ಅದೇ 230 ವೋಲ್ಟ್ ಕೊಡುತ್ತೆ. ಮೇನ್ ಇಳಿಸಿ, ಇನ್ವರ್ಟರನ್ನೂ ಆಫ್ ಮಾಡಿ. ಟೆಸ್ಟರನ್ನು ಮೊದಲೇ ಕರೆಂಟ್ ಇರುವ ಸಾಕೆಟ್‌ನಲ್ಲಿ ನೋಡಿಟ್ಟುಕೊಳ್ಳಿ, ಕೆಟ್ಟ ಟೆಸ್ಟರ್ ಕೂಡ ಉರಿಯಲ್ಲ. ಆಮೇಲೂ ಉರಿದರೆ ಕೈ ಹಾಕದೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನ ಕರೆಸಿ.

ಪ್ರಶ್ನೆ ಕೇಳಿದವರು:
ಇನ್ವರ್ಟರೇ ಕಣ್ರೀ! ಅದನ್ನು ಆಫ್ ಮಾಡಿದ ಮೇಲೆ ಟೆಸ್ಟರ್ ಆರಿತು. ಆದರೂ ಜಾಯಿಂಟ್ ನಾನು ಮಾಡಲ್ಲ, ನಾಳೆ ಎಲೆಕ್ಟ್ರಿಷಿಯನ್ ಬರ್ತಾನೆ. ಹಳೇ ಡಬ್ಬಿ ಮುಚ್ಚಬೇಡ ಅಂದಿದ್ದಕ್ಕೆ ಗೌಂಡಿ ಮುಖ ಗಂಟು ಹಾಕಿಕೊಂಡು ಕೂತಿದ್ದಾನೆ.