ಯುರೋಪಿಯನ್ ಲಾ ಓದಿದೀನಿ, ಕೆಲಸ ಎಲ್ಲಿ ಹುಡುಕ್ಲಿ? ಇಲ್ಲೇ ಇರ್ಲಾ, ಊರಿಗೆ ಬರ್ಲಾ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವಳು, ಐದು ವರ್ಷದ ಲಾ ಮುಗಿಸಿ ಎರಡು ವರ್ಷ ಅಲ್ಲೇ ಕೋರ್ಟಲ್ಲಿ ಒಬ್ರು ಸೀನಿಯರ್ ಹತ್ರ ಇದ್ದೆ, ಈಗ ನೆದರ್ಲೆಂಡ್ಸ್‌ನಲ್ಲಿ ಯುರೋಪಿಯನ್ ಮತ್ತು ಇಂಟರ್‌ನ್ಯಾಷನಲ್ ಲಾ ಎಲ್‌ಎಲ್‌ಎಂ ಮಾಡ್ತಿದೀನಿ, ಆಗಸ್ಟ್‌ಗೆ ಮುಗಿಯುತ್ತೆ. ಬರೋವಾಗ ತಲೇಲಿ ಇದ್ದಿದ್ದು ಒಂದೇ, ಇಂಟರ್‌ನ್ಯಾಷನಲ್ ಕೋರ್ಟ್‌ಗಳಿರೋ ಹೇಗ್ ಊರು. ಅಲ್ಲಿ ಇಂಟರ್‌ನ್ಯಾಷನಲ್ ಕೋರ್ಟ್ ಆಫ್ ಜಸ್ಟಿಸ್ (ಐಸಿಜೆ) ಇರೋ ಪೀಸ್ ಪ್ಯಾಲೇಸ್ ಗೇಟ್ ಮುಂದೆ ನಿಂತು ಅಪ್ಪಂಗೆ ವಿಡಿಯೋ ಕಾಲ್ ಮಾಡಿದ್ದೆ, "ಇದೇ ಕೋರ್ಟಲ್ಲೇನಮ್ಮ ನಿಂಗೆ ಕೆಲ್ಸ" ಅಂತ ಕೇಳಿದ್ರು, ಹೂಂ ಅಂದಿದ್ದೆ. ಈಗ ನೋಡಿದ್ರೆ ಐಸಿಜೆ ಇಂಟರ್ನ್‌ಶಿಪ್‌ಗೆ ಸಂಬಳ ಇಲ್ಲ, ಯುಎನ್‌ದಕ್ಕೂ ಇಲ್ಲ, ಬ್ರಸೆಲ್ಸ್‌ನಲ್ಲಿ ಯುರೋಪಿಯನ್ ಯೂನಿಯನ್‌ನ ಖಾಯಂ ಕೆಲಸಕ್ಕೆ ಅದರ ಸದಸ್ಯ ದೇಶದ ಪೌರತ್ವ ಬೇಕು, ಇಲ್ಲಿ ವಕೀಲಿ ಮಾಡೋಕೆ ಡಚ್ ಬೇಕು. ಲೋನ್ 22 ಲಕ್ಷ ಇದೆ, ಅಮ್ಮನ ಹೆಸರಿನ ಸೈಟ್ ಅಡ ಇಟ್ಟಿದೀವಿ, ರಾತ್ರಿ ನಿದ್ದೆ ಬರಲ್ಲ. ಇದೇ ಓದಿ ಕೆಲಸ ಹಿಡಿದವ್ರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ಕಾಲುವೆದಡ:
ತಂಗಿ, ನಾನು ಹೇಗ್‌ನಲ್ಲಿ ಒಂಬತ್ತು ವರ್ಷದಿಂದ ಇದೀನಿ, ಆರ್ಬಿಟ್ರೇಶನ್ ಕೆಲಸ, ಅಂದ್ರೆ ಮಾಮೂಲಿ ಕೋರ್ಟಿಗೆ ಹೋಗದೆ ಮಧ್ಯಸ್ಥರ ಮುಂದೆ ವ್ಯಾಜ್ಯ ತೀರಿಸ್ಕೊಳ್ಳೋದು. ಮೊದಲು ವೀಸಾ ವಿಷಯ ಕೇಳು. ಇಲ್ಲಿ ಓದು ಮುಗಿಸಿದವ್ರಿಗೆ ಒಂದು ವರ್ಷ ಕೆಲಸ ಹುಡುಕೋ ಪರ್ಮಿಟ್ ಕೊಡ್ತಾರೆ, ಝೂಕ್‌ಯಾರ್ ಅಂತಾರೆ, ಆ ವರ್ಷ ಯಾವ ಕೆಲಸ ಬೇಕಾದ್ರೂ ಮಾಡ್ಬಹುದು. ಡಿಗ್ರಿ ಮುಗಿದು ಮೂರು ವರ್ಷದೊಳಗೆ ಯಾವಾಗ ಬೇಕಾದ್ರೂ ಅರ್ಜಿ ಹಾಕ್ಬಹುದು, ಇದನ್ನ ಸುಮಾರು ಜನ ಗಮನಿಸೋದೇ ಇಲ್ಲ, ಗಾಬರೀಲಿ ಆಗಸ್ಟಲ್ಲೇ ತಗೊಂಡು ಅರ್ಧ ವರ್ಷ ಸುಮ್ನೆ ಕಳೀತಾರೆ. ನೀನು ಊರಿಗೆ ಹೋಗಿ ಒಂದು ವರ್ಷ ಕೆಲಸ ಮಾಡಿ ಆಮೇಲೂ ಬರಬಹುದು.

ಇನ್ನು ಹೇಗ್ ಅಂದ್ರೆ ಬರೀ ಐಸಿಜೆ ಅಲ್ಲ. ಅದೇ ಪೀಸ್ ಪ್ಯಾಲೇಸ್ ಒಳಗೆ 1899ರಲ್ಲಿ ಹುಟ್ಟಿದ ಪರ್ಮನೆಂಟ್ ಕೋರ್ಟ್ ಆಫ್ ಆರ್ಬಿಟ್ರೇಶನ್ ಇದೆ. ನಮ್ಮ ಬೆಂಗಳೂರಿನಲ್ಲಿ ಇಸ್ರೋದ ವ್ಯಾಪಾರ ಕಂಪನಿ ಆಂಟ್ರಿಕ್ಸ್ ಮತ್ತು ದೇವಾಸ್ ಅನ್ನೋ ಖಾಸಗಿ ಕಂಪನಿ ಗಲಾಟೆ ಗೊತ್ತಲ್ವಾ, 2005ರ ಸ್ಯಾಟಲೈಟ್ ಒಪ್ಪಂದ, 2011ರಲ್ಲಿ ರದ್ದಾಯ್ತು, ಮಾರಿಷಸ್ ಕಡೆಯ ಹೂಡಿಕೆದಾರರು ಭಾರತ ಸರ್ಕಾರದ ಮೇಲೆ ಹಾಕಿದ ಕೇಸ್ ನಡೆದಿದ್ದು ಇಲ್ಲೇ. ಇಂಥ ಕೇಸಲ್ಲಿ ಜೂನಿಯರ್ ಏನ್ ಮಾಡ್ತಾರೆ ಅಂದ್ರೆ, ಹತ್ತು ವರ್ಷದ ಪತ್ರವ್ಯವಹಾರ ಎಲ್ಲ ತಾರೀಖಿನ ಪ್ರಕಾರ ಜೋಡಿಸೋದು, ಸಾಕ್ಷಿ ತನ್ನ ಹೇಳಿಕೇಲಿ ಒಂದು ಪ್ಯಾರಾದಲ್ಲಿ ಹೇಳಿದ್ದಕ್ಕೂ ಆಗಿನ ಮೀಟಿಂಗ್ ನೋಟ್‌ಗೂ ಎಲ್ಲಿ ತಾಳೆ ಆಗಲ್ಲ ಅಂತ ಹುಡುಕೋದು. ನೀನು ಶಿವಮೊಗ್ಗ ಕೋರ್ಟಲ್ಲಿ ಎರಡು ವರ್ಷ ಪಾಟೀಸವಾಲು ಕೂತು ನೋಡಿದೀಯಲ್ಲ, ನಿನ್ನ ಕ್ಲಾಸ್‌ನ ಮುಕ್ಕಾಲು ಜನಕ್ಕೆ ಅದಿಲ್ಲ, ಸಿವಿ ಮೇಲೆ ಅದನ್ನ ಕೊನೇ ಸಾಲಲ್ಲಿ ಬಚ್ಚಿಡಬೇಡ.

ಫ್ರೆಂಚ್ ಇವತ್ತೇ ಶುರು ಮಾಡು. ಐಸಿಜೆದು ಇಂಗ್ಲಿಷ್ ಜೊತೆ ಫ್ರೆಂಚ್, ಲಕ್ಸಂಬರ್ಗ್‌ನಲ್ಲಿರೋ ಯುರೋಪಿಯನ್ ಯೂನಿಯನ್ ಕೋರ್ಟ್ ಒಳಗಿನ ಕೆಲಸ ಎಲ್ಲ ಫ್ರೆಂಚಲ್ಲೇ. ಯೂನಿಯನ್‌ನ ಆಡಳಿತ ನಡೆಸೋ ಯುರೋಪಿಯನ್ ಕಮಿಷನ್‌ದು ಬ್ಲೂ ಬುಕ್ ಅಂತ ಐದು ತಿಂಗಳ ಟ್ರೇನಿಶಿಪ್ ಇದೆ, ಮಾರ್ಚ್ ಮತ್ತೆ ಅಕ್ಟೋಬರ್ ಬ್ಯಾಚ್, ದುಡ್ಡು ಕೊಡ್ತಾರೆ, ಹೊರಗಿನ ದೇಶದವ್ರಿಗೂ ಸ್ವಲ್ಪ ಜಾಗ ಇದೆ, ಹಾಕು. ಅಪ್ಪಂಗೆ ಒಂದು ಮಾತು ಹೇಳು, ನಮ್ಮ ಕರಾವಳಿ ಕಡೆಯ ಬೆನಗಲ್ ನರಸಿಂಗ ರಾವ್ 1952ರಲ್ಲಿ ಆ ಗೇಟಿನ ಒಳಗೆ ಜಡ್ಜ್ ಆಗೇ ಹೋಗಿದ್ರು, ಅಷ್ಟೊತ್ತಿಗೆ ಅವ್ರಿಗೆ ಹತ್ತಿರತ್ತಿರ ಅರವತ್ತೈದು.

ನಾಲ್ಕನೇಬ್ಲಾಕ್:
ನಾನು ಬೆಂಗಳೂರಲ್ಲಿ ಡೇಟಾ ಪ್ರೈವೆಸಿ ಲಾಯರ್, ನಿಮ್ದೇ ಥರ ಯುರೋಪಲ್ಲಿ ಓದಿ ವಾಪಸ್ ಬಂದವಳು. 2018ರ ಮೇ 25ಕ್ಕೆ ಯುರೋಪಿನ ಡೇಟಾ ರಕ್ಷಣೆ ಕಾನೂನು ಜಿಡಿಪಿಆರ್ ಜಾರಿ ಆಯ್ತು, ಅಲ್ಲಿಂದ ಈ ಊರಲ್ಲಿ ಯುರೋಪಿಯನ್ ಲಾ ಓದಿದವ್ರಿಗೆ ಕೆಲಸ ಇದೆ. ಜರ್ಮನ್ ಗ್ರಾಹಕರ ಡೇಟಾ ಇಲ್ಲಿನ ಆಫೀಸಲ್ಲಿ ತೆರೀತಾರೆ ಅಂದ್ರೆ ಅದರ ಕಾಂಟ್ರ್ಯಾಕ್ಟ್ ಯಾರಾದ್ರೂ ಬರೀಬೇಕಲ್ಲ. ಡೇಟಾ ಸೋರಿಕೆ ಆದ್ರೆ ಗೊತ್ತಾದ 72 ಗಂಟೆಯೊಳಗೆ ಅಲ್ಲಿನ ಪ್ರಾಧಿಕಾರಕ್ಕೆ ತಿಳಿಸ್ಬೇಕು, ಒಂದ್ಸಲ ಶುಕ್ರವಾರ ಸಂಜೆ ಏಳಕ್ಕೆ ಫೋನ್ ಬಂತು, ಶನಿವಾರ ಭಾನುವಾರ ಅಂತ ಗಡಿಯಾರ ನಿಲ್ಲಲ್ಲ, ಅವತ್ತು ನಂಗೆ ಕ್ಲಾಸಲ್ಲಿ ಓದಿದ ಆರ್ಟಿಕಲ್ 33 ಪೂರ್ತಿ ಅರ್ಥ ಆಯ್ತು. ಈಗ ನಮ್ಮ 2023ರ ಡೇಟಾ ಕಾಯ್ದೇನೂ ಸೇರ್ಕೊಂಡಿದೆ, ಎರಡೂ ಗೊತ್ತಿರೋವ್ರು ಬೇಕು. ವಾಪಸ್ ಬರೋದನ್ನ ಸೋಲು ಅಂತ ತಿಳ್ಕೋಬೇಡಿ, ನಾನು ಹಾಗೆ ತಿಳ್ಕೊಂಡು ಒಂದು ವರ್ಷ ಸುಮ್ನೆ ಅತ್ತಿದೀನಿ.

ಕಾಫಿಬೆಟ್ಟ:
ನಾನು ವಕೀಲ ಅಲ್ಲ, ಮೂಡಿಗೆರೆ ಕಡೆ ಕಾಫಿ ಬೆಳೆಗಾರ, ಆದ್ರೂ ಹೇಳ್ತೀನಿ. ತಂಗಿ, ನಿನ್ನ ಯುರೋಪಿಯನ್ ಲಾ ನಮ್ಮ ತೋಟದೊಳಗೆ ಬಂದು ನಿಂತಿದೆ ಮಾರಾಯ್ತಿ. ಕಾಡು ಕಡಿದ ಜಾಗದ ಕಾಫಿ ಅಲ್ಲಿಗೆ ಹೋಗಂಗಿಲ್ಲ ಅಂತ 2023ರಲ್ಲಿ ಕಾನೂನು ಮಾಡಿದ್ರು, 2020ರ ಡಿಸೆಂಬರ್ 31ರ ಆಮೇಲೆ ಕಾಡು ಕಡಿದಿರಬಾರದು. ಜಾರಿ ಮಾಡೋದನ್ನ ಎರಡು ಸಲ ಮುಂದೂಡಿದಾರೆ, ಈಗ ದೊಡ್ಡ ಕಂಪನಿಗಳಿಗೆ 2026ರ ಕೊನೆ ಅಂತ ಇದೆ. ನಾಲ್ಕು ಹೆಕ್ಟೇರ್ ಮೀರಿದ ತೋಟ ಆದ್ರೆ ಗಡಿ ಪೂರ್ತಿ ಗುರುತಿಸಿ ಕೊಡ್ಬೇಕು, ಅದಕ್ಕಿಂತ ಕಡಿಮೆ ಆದ್ರೆ ಒಂದು ಪಾಯಿಂಟ್ ಸಾಕು. ಹೋದ ಬೇಸಿಗೇಲಿ ಮೊಬೈಲ್ ಹಿಡ್ಕೊಂಡು ಬೇಲಿ ಸುತ್ತ ನಡೆದೆ, ಹಳ್ಳದ ಹತ್ರ ಮರದ ನೆರಳಿಗೆ ಸಿಗ್ನಲ್ ಹೋಗಿ ಗೆರೆ ಪಕ್ಕದವ್ರ ತೋಟದೊಳಗೆ ಬಿತ್ತು.

ಅದಾದ್ರೂ ಸರಿ ಮಾಡ್ಬಹುದು. ಕಷ್ಟ ಇರೋದು ಕಾಗದದಲ್ಲಿ. ಬೆಳೆದ ದೇಶದ ಕಾನೂನಿನ ಪ್ರಕಾರನೂ ಎಲ್ಲ ಸರಿ ಇರ್ಬೇಕು, ಭೂಮಿ ಹಕ್ಕು ಸೇರಿ. ನಮ್ಮಲ್ಲಿ ಎಷ್ಟೋ ಪಹಣಿ ಇನ್ನೂ ಅಜ್ಜನ ಹೆಸರಲ್ಲಿದೆ, ಪಾಲಾಗಿದೆ, ಅಳತೆ ಮಾಡಿ ಬೇರೆ ಮಾಡೋ ಪೋಡಿ ಆಗಿಲ್ಲ. ಇನ್ನು ಮರಗಸಿ, ಅಂದ್ರೆ ನೆರಳಿನ ಮರದ ಕೊಂಬೆ ಕಡಿಯೋದು, ಮಾಡಿದ್ರೆ ಮೇಲಿಂದ ನೋಡೋ ಸ್ಯಾಟಲೈಟ್‌ಗೆ ಕಾಡು ಬೋಳಾದಂಗೆ ಕಾಣುತ್ತೆ ಅಂತ ಎಲ್ಲರಿಗೂ ಭಯ. ಆ ಕಾನೂನು ಓದಿದವ್ರಿಗೆ ಪಹಣಿ ಓದೋಕೆ ಬರಲ್ಲ, ಪಹಣಿ ಓದೋ ವಕೀಲರಿಗೆ ಆ ಕಾನೂನು ಗೊತ್ತಿಲ್ಲ. ನಮ್ಮ ಕಾಫಿ ತಗೊಳ್ಳೋ ಎಕ್ಸ್‌ಪೋರ್ಟರ್ ಕೇಳ್ತಾನೇ ಇದಾರೆ, ಎರಡೂ ಗೊತ್ತಿರೋವ್ರು ಯಾರಾದ್ರೂ ಇದ್ರೆ ಹೇಳಿ ಅಂತ.

ತುಂಗಾತೀರ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಓದ್ತಾ ಕಣ್ಣು ತುಂಬಿ ಬಂತು. ಕೋರ್ಟಲ್ಲಿದ್ದಾಗ ನಾನು ಜಾಸ್ತಿ ಮಾಡಿದ್ದೇ ಪಾಲು ವಿಭಾಗದ ದಾವೆ, ಪಹಣಿ, ಮ್ಯುಟೇಶನ್ ಎಲ್ಲ ಕೈಯಾರೆ ನೋಡಿದೀನಿ, ಅದು ಇಲ್ಲಿ ಉಪಯೋಗಕ್ಕೆ ಬರುತ್ತೆ ಅಂತ ಒಂದ್ಸಲಾನೂ ಅನ್ನಿಸಿರ್ಲಿಲ್ಲ. ಥೀಸಿಸ್ ಟಾಪಿಕ್ ಇನ್ನೂ ಫೈನಲ್ ಆಗಿಲ್ಲ, ನಾಳೆ ಗೈಡ್ ಹತ್ರ ಇದನ್ನೇ ಕೇಳ್ತೀನಿ. ಅಣ್ಣಾ, ಹೆಸರು ಸರ್ವೆ ನಂಬರ್ ಮುಚ್ಚಿ ಒಂದೆರಡು ಪಹಣಿ, ಆ ಎಕ್ಸ್‌ಪೋರ್ಟರ್ ಕೊಟ್ಟ ಫಾರಂ ಕಳಿಸೋಕಾಗುತ್ತಾ? ಬ್ಲೂ ಬುಕ್‌ಗೂ ಹಾಕ್ತೀನಿ.

ಕಾಫಿಬೆಟ್ಟ:
ಕಳಿಸ್ತೀನಿ. ಇಲ್ಲಿ ಎರಡು ದಿನದಿಂದ ಕರೆಂಟ್ ಇಲ್ಲ, ಬಂದ ತಕ್ಷಣ ಸ್ಕ್ಯಾನ್ ಮಾಡಿ ಹಾಕ್ತೀನಿ. ಅಜ್ಜನ ಕಾಲದ ಕೈಬರಹದ ಪಹಣಿನೂ ಇದೆ, ಅದನ್ನೂ ಸೇರಿಸ್ಲಾ?