ದುಡ್ಡು ಕೊಟ್ಟು ಸೇಬು ಕೊಯ್ದದ್ದರ ಬಗ್ಗೆ ದೊಡ್ಡಮ್ಮನಿಗೆ ಉತ್ತರ

ದೊಡ್ಡಮ್ಮ, ನಮಸ್ಕಾರ. ನಿನ್ನೆ ನಾನು ನಮ್ಮ ಮನೆಯವರ ಗುಂಪಿನಲ್ಲಿ ಹಾಕಿದ ಸೇಬು ಕೊಯ್ಯುವ ಫೋಟೊ ನೋಡಿ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಅಡಿಕೆ ಕೊಯ್ಯಲು ಕೊನೆಗೌಡ ಸಿಗದೆ ನಾವಿಲ್ಲಿ ಒದ್ದಾಡುತ್ತಿರುವಾಗ ನೀವು ರಜೆಯ ದಿನ ದುಡ್ಡು ಕೊಟ್ಟು ಕೂಲಿ ಮಾಡಲು ಹೋದಿರಾ ಎಂಬುದು ಒಂದು. ಊರಿಗೆ ಬರುವಾಗ ಆ ಸೇಬಿನ ಬೀಜ ತರಬಾರದೇ ಎಂಬುದು ಇನ್ನೊಂದು. ಟೈಪ್ ಮಾಡಿ ಮುಗಿಯುವಂಥದ್ದಲ್ಲವಾದ್ದರಿಂದ ಮಾತಿನಲ್ಲೇ ಹೇಳುತ್ತಿದ್ದೇನೆ. ಉದ್ದವಾದರೆ ಉಳಿದವರು ಕ್ಷಮಿಸಬೇಕು.

ದುಡ್ಡು ಕೊಟ್ಟದ್ದು ನಿಜ. ಅಕ್ಟೋಬರಿನ ಎರಡನೆಯ ಸೋಮವಾರ ಇಲ್ಲಿ ರಜೆ. ಬಾಸ್ಟನ್ನಿನ ಪಶ್ಚಿಮಕ್ಕಿರುವ ಸ್ಟೋ ಎಂಬ ಊರಿನ ತೋಟವೊಂದಕ್ಕೆ ಹೋಗಿ, ಬಾಗಿಲಲ್ಲೇ ಅರ್ಧ ಬುಶೆಲ್ ಚೀಲ ಕೊಂಡೆವು. ಅದರಲ್ಲಿ ಸುಮಾರು 9 ಕಿಲೊ ಹಿಡಿಯುತ್ತದೆ. ಅಂಗಡಿಗಿಂತ ಅಗ್ಗವೇನೂ ಆಗಲಿಲ್ಲ, ಆ ಮಟ್ಟಿಗೆ ನಿಮ್ಮ ಮಾತು ಒಪ್ಪಿದೆ.

ಆದರೆ ಕೆಲಸವನ್ನು ಕೂಲಿ ಎನ್ನಲು ನನಗೆ ನಾಚಿಕೆಯಾಗುತ್ತದೆ. ಗಿಡ್ಡ ಜಾತಿಯ ಬೇರಿನ ಮೇಲೆ ಕಸಿ ಕಟ್ಟಿದ ಮರಗಳಾದ್ದರಿಂದ ನೆಲದ ಮೇಲೆ ನಿಂತೇ ಹಣ್ಣು ಕೈಗೆ ಎಟಕುತ್ತದೆ. ಹಾಗಿದ್ದೂ ಮೊದಲ ಹಣ್ಣಿನಲ್ಲೇ ಎಡವಿದೆ. ಪೇರಲೆ ಕಿತ್ತಂತೆ ಕೆಳಕ್ಕೆ ಜಗ್ಗಿದಾಗ ಕೊಂಬೆಯೆಲ್ಲ ಅಲುಗಿ ಪಕ್ಕದ ಮೂರು ಹಣ್ಣು ದೊಪ್ಪನೆ ಬಿದ್ದವು. ಕೈಗೆ ಬಂದ ಹಣ್ಣಿನ ಜೊತೆಗೆ ಬೆರಳ ಗೆಣ್ಣಿನಷ್ಟು ಉದ್ದದ, ಸುಕ್ಕುಗಟ್ಟಿದ ಒಂದು ತುಂಡು ಕೊಂಬೆಯೂ ಕಿತ್ತು ಬಂದಿತ್ತು. ತೋಟದಲ್ಲಿ ಕೆಲಸ ಮಾಡುವ ಅಜ್ಜಿಯೊಬ್ಬರು ಆ ತುಂಡನ್ನು ನನ್ನ ಕೈಯಿಂದ ತೆಗೆದುಕೊಂಡು, ಅದರ ತುದಿಯಲ್ಲಿ ಸಣ್ಣ ರೋಮ ಹೊದ್ದು ಉಬ್ಬಿದ್ದ ಮೊಗ್ಗನ್ನು ತೋರಿಸಿದರು. ಬರುವ ವರ್ಷದ ಹೂವು ಈ ಬೇಸಿಗೆಯಲ್ಲೇ ಅದರೊಳಗೆ ಕಟ್ಟಿಕೊಂಡಿರುತ್ತದಂತೆ. ಹಣ್ಣನ್ನು ಅಂಗೈಯಲ್ಲಿ ಕೂರಿಸಿ, ಮೇಲಕ್ಕೆತ್ತಿ, ತುಸು ತಿರುಗಿಸಬೇಕು. ಮಾಗಿದ್ದರೆ ತೊಟ್ಟು ತಾನಾಗಿ ಬಿಡುತ್ತದೆ, ಬಿಡದಿದ್ದರೆ ಅದರ ತಂಟೆಗೆ ಹೋಗಬಾರದು. ನಾಲ್ಕೈದು ಹಣ್ಣಿನ ನಂತರ ಕೈಗೆ ಅಂದಾಜು ಸಿಕ್ಕಿತು.

ಮರದಡಿಯಲ್ಲಿ ಮ್ಯಾಕಿಂಟಾಷ್ ಹಣ್ಣು ಹಾಸಿಬಿಟ್ಟಿತ್ತು. ಮಾಗುತ್ತಲೇ ಉದುರುವುದು ಆ ಜಾತಿಯ ಗುಣ. ನೀವಿದ್ದಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲ, ಆದರೆ ಜಿಂಕೆ ಓಡಾಡಿ ಹಿಕ್ಕೆ ಹಾಕುವ ನೆಲವೆಂದು ಬಿದ್ದದ್ದನ್ನು ಹೆಕ್ಕಲು ಬಿಡುವುದಿಲ್ಲ.

ಇನ್ನು ಬೀಜದ ವಿಷಯ. ಸೇಬಿನ ಹೂವು ಕಾಯಿ ಕಟ್ಟಲು ಬೇರೆ ಜಾತಿಯ ಪರಾಗ ಬೇಕು, ಆದ್ದರಿಂದ ಬೀಜಕ್ಕೆ ತಾಯಿ ಯಾರೆಂದು ಗೊತ್ತು, ತಂದೆ ಯಾರೆಂದು ಜೇನಿಗೇ ಗೊತ್ತು! ಬಿತ್ತಿದರೆ ತಿಂದ ಹಣ್ಣೇ ಬರುತ್ತದೆನ್ನುವಂತಿಲ್ಲ. ನಾವು ಹೆಚ್ಚಾಗಿ ತಂದ ಕಾರ್ಟ್‌ಲ್ಯಾಂಡ್ ಜಾತಿಯನ್ನು ನ್ಯೂಯಾರ್ಕ್ ರಾಜ್ಯದ ಜಿನೀವಾ ಕೃಷಿ ಸಂಶೋಧನಾ ಕೇಂದ್ರದಲ್ಲಿ 1898ರಲ್ಲಿ ಮ್ಯಾಕಿಂಟಾಷ್ ಮತ್ತು ಬೆನ್ ಡೇವಿಸ್ ಜಾತಿಗಳನ್ನು ಕೂಡಿಸಿ ಪಡೆದರು. ಅಲ್ಲಿಂದೀಚೆಗೆ ಕಸಿ ಕಟ್ಟಿಯೇ ಅದನ್ನು ಬೆಳೆಸುತ್ತಿದ್ದಾರೆ. ಕಸಿಕಡ್ಡಿ ತಂದರೂ ಇಂಥ ಜಾತಿಗೆ ಚಳಿಗಾಲದಲ್ಲಿ 7 ಡಿಗ್ರಿಗಿಂತ ಕೆಳಗಿನ ಥಂಡಿ ನೂರಾರು ಗಂಟೆ ಸಿಗಬೇಕು. ನಮ್ಮ ತೋಟದ ಚಳಿ ಕಂಬಳಿಗಷ್ಟೇ ಸಾಕು, ಇದಕ್ಕೆ ಸಾಲದು.

ಕಾರ್ಟ್‌ಲ್ಯಾಂಡ್ ಹೋಳು ಬೇಗ ಕಪ್ಪಾಗುವುದಿಲ್ಲವಾದ್ದರಿಂದ, ನಿಮ್ಮ ಮಾವಿನಹಣ್ಣಿನ ಸಾಸಿವೆ ಗೊಜ್ಜಿನ ಕ್ರಮದಲ್ಲೇ ತೆಂಗಿನಕಾಯಿ, ಸಾಸಿವೆಕಾಳು, ಹಸಿಮೆಣಸು ರುಬ್ಬಿ, ಬೆಲ್ಲ ಸೇರಿಸಿ ನಿನ್ನೆ ರಾತ್ರಿ ಮಾಡಿದೆ. ಹುಳಿ ಸಾಲಲಿಲ್ಲ. ನೀವು ಕೊಟ್ಟು ಕಳಿಸಿದ ವಾಟೆಹುಳಿಯ ಪುಡಿ ಹಾಕಲೇ, ಮೊಸರೇ ಸಾಕೇ? ಫ್ರಿಜ್ಜಿನಲ್ಲಿ ಇನ್ನೂ ಆರು ಕಿಲೊ ಇದೆ.