ಬ್ಯಾಲಸ್ಟ್ ನೀರು ಟ್ರೀಟ್ ಮಾಡಿದ್ಮೇಲೂ ಬಂದರಿಗೆ ಹೊರಗಿನ ಜೀವಿಗಳು ಹೇಗೆ ಬರ್ತಿವೆ?

ಕಡಲಹುಳು:
ನಾನು ಮರೀನ್ ಬಯಾಲಜಿ ಸ್ಟೂಡೆಂಟ್. ಬ್ಯಾಲಸ್ಟ್ ನೀರಿನ (ಹಡಗು ವಾಲದೇ ಇರಲಿ ಅಂತ ಟ್ಯಾಂಕಲ್ಲಿ ತುಂಬಿ, ಇನ್ನೊಂದು ಬಂದರಲ್ಲಿ ಬಿಡೋ ನೀರು) ಅಂತರರಾಷ್ಟ್ರೀಯ ಒಪ್ಪಂದ 2017ರಲ್ಲೇ ಜಾರಿಗೆ ಬಂತು, ಈಗ ಹಡಗಲ್ಲೇ ನೀರು ಟ್ರೀಟ್ ಮಾಡ್ತಾರೆ. ಹಾಗಿದ್ರೆ ಬಂದರಿನವರು ಇನ್ನೂ ಯಾವುದಕ್ಕೆ ಹೆದರಬೇಕು? ರಿಸ್ಕ್ ಯಾವ ಹಡಗಿಂದ ಜಾಸ್ತಿ ಅಂತ ಹೇಗೆ ಗೊತ್ತಾಗುತ್ತೆ?

ಇಂಜಿನ್‌ರೂಮ್:
ಸಿಸ್ಟಮ್ ಇರೋದು ಬೇರೆ, ಅದು ಸರಿಯಾಗಿ ಕೆಲಸ ಮಾಡೋದು ಬೇರೆ. ಸುಮಾರು ಹಡಗುಗಳಲ್ಲಿ ಮೊದಲು ಫಿಲ್ಟರ್, ಆಮೇಲೆ ಯುವಿ (ಜೀವಿ ಕೊಲ್ಲೋ ನೇರಳಾತೀತ ಬೆಳಕು), ಇಲ್ಲಾಂದ್ರೆ ಸಮುದ್ರದ ನೀರಿಗೇ ಕರೆಂಟ್ ಹಾಯಿಸಿ ಕ್ಲೋರಿನ್ ಮಾಡೋದು. ನದಿ ಸೇರೋ ಕಡೆ ಇರೋ ಬಂದರಲ್ಲಿ ನೀರು ಕೆಸರಾಗಿದ್ರೆ ಫಿಲ್ಟರ್ ಕಟ್ಕೊಳ್ಳುತ್ತೆ, ಯುವಿ ಸರಿಯಾಗಿ ತಟ್ಟಲ್ಲ, ಉಪ್ಪು ಕಮ್ಮಿ ಇದ್ರೆ ಕ್ಲೋರಿನ್ನೂ ಸಾಲಲ್ಲ. ಮತ್ತೆ ರೂಲ್ ಇರೋದು 50 ಮೈಕ್ರಾನ್ (ಮಿಲಿಮೀಟರಿನ 20ರಲ್ಲಿ ಒಂದು ಭಾಗ) ಮತ್ತು ಅದಕ್ಕಿಂತ ದೊಡ್ಡ ಜೀವಿಗಳು ಒಂದು ಘನ ಮೀಟರಿಗೆ 10ಕ್ಕಿಂತ ಕಮ್ಮಿ ಇರಬೇಕು ಅಂತ, ಸೊನ್ನೆ ಇರಬೇಕು ಅಂತಲ್ಲ. ದೊಡ್ಡ ಹಡಗು ಸಾವಿರಾರು ಘನ ಮೀಟರ್ ನೀರು ಬಿಡುತ್ತೆ, ನೀವೇ ಲೆಕ್ಕ ಹಾಕಿ.

ನೀಲಿಅಲೆ:
ನನಗೆ ನೀರಿಗಿಂತ ಜಾಸ್ತಿ ಚಿಂತೆ ಹಡಗಿನ ಮೈಗೆ ಅಂಟ್ಕೊಂಡು ಬರೋದ್ರದ್ದು. ಎಲ್ಲರೂ ಹೊರಮೈ ನೋಡ್ತಾರೆ, ಆದ್ರೆ ಚಿಪ್ಪಿನ ಜೀವಿಗಳು ಕೂತಿರೋದು ಇಂಜಿನ್ನಿಗೆ ನೀರು ಎಳ್ಕೊಳ್ಳೋ ಜಾಲರಿ ಗೂಡಲ್ಲಿ, ಥ್ರಸ್ಟರ್ (ಹಡಗನ್ನ ಪಕ್ಕಕ್ಕೆ ತಳ್ಳೋ ಫ್ಯಾನ್) ಸುರಂಗದಲ್ಲಿ, ಡ್ರೈಡಾಕಲ್ಲಿ (ನೀರು ಖಾಲಿ ಮಾಡಿ ಹಡಗು ರಿಪೇರಿ ಮಾಡೋ ಕಟ್ಟೆ) ಬ್ಲಾಕ್ ಮೇಲೆ ಕೂತಿದ್ದಕ್ಕೆ ಜೀವಿ ಅಂಟದ ಹಾಗೆ ಹಚ್ಚೋ ಪೇಂಟ್ ಬೀಳದೇ ಉಳಿದ ಜಾಗದಲ್ಲಿ. ಇದಕ್ಕೆ ಐಎಂಒ (ವಿಶ್ವಸಂಸ್ಥೆಯ ಹಡಗು ಸಾಗಣೆ ಸಂಸ್ಥೆ) 2011ರಲ್ಲಿ ಮಾರ್ಗಸೂಚಿ ತಂತು, 2023ರಲ್ಲಿ ಪರಿಷ್ಕರಿಸ್ತು, ಆದ್ರೂ ಕಡ್ಡಾಯ ಅಲ್ಲ. ನ್ಯೂಜಿಲೆಂಡ್ ಅದಕ್ಕೆ ಕಾಯ್ತಾ ಕೂರದೆ 2018ರಲ್ಲೇ ತನ್ನ ನೀರಿಗೆ ಬರೋ ಹಡಗುಗಳಿಗೆ ಕಡ್ಡಾಯ ಮಾಡ್ತು, ಅದು ಸರಿಯಾದ ಕೆಲಸ.

ನಿಮ್ಮ ಎರಡನೇ ಪ್ರಶ್ನೆಗೆ: ಹಡಗು ಎಷ್ಟು ದಿನ ಒಂದೇ ಕಡೆ ನಿಂತಿತ್ತು, ಪೇಂಟ್ ಎಷ್ಟು ಹಳೇದು, ಹೊರಟ ಬಂದರಿನ ಉಷ್ಣತೆ, ಉಪ್ಪಿನಂಶ ನಿಮ್ಮ ಬಂದರಿಗೆ ಹೊಂದುತ್ತಾ, ಇಷ್ಟು ಕೇಳಿದ್ರೆ ಅರ್ಧ ಗೊತ್ತಾಗುತ್ತೆ. ನಿಧಾನ ಹೋಗೋ ಬಾರ್ಜ್, ಹೂಳೆತ್ತೋ ಡ್ರೆಡ್ಜರ್, ತೈಲ ಕೊರೆಯೋ ರಿಗ್‌ಗಳನ್ನ ಮೊದಲು ನೋಡಿ.

ಕಡಲಹುಳು:
ಥ್ಯಾಂಕ್ಸ್. ಒಂದ್ಸಲ ಬಂದ್ರೆ ತೆಗೆಯೋಕೆ ಆಗೋದೇ ಇಲ್ವಾ?

ನೀಲಿಅಲೆ:
ಆಗಿದೆ, ಅಪರೂಪಕ್ಕೆ. 1999ರಲ್ಲಿ ಆಸ್ಟ್ರೇಲಿಯಾದ ಡಾರ್ವಿನ್‌ನಲ್ಲಿ ಕಪ್ಪು ಪಟ್ಟೆಯ ಮಸೆಲ್ (ಒಂದು ಜಾತಿಯ ಚಿಪ್ಪಿನ ಜೀವಿ) ಸಿಕ್ತು. ಬೇಗ ಕಣ್ಣಿಗೆ ಬಿತ್ತು, ಮರೀನಾಗಳಿಗೆ (ಚಿಕ್ಕ ದೋಣಿ ನಿಲ್ಲಿಸೋ ಜಾಗ) ನೀರು ತಡೆಯೋ ಲಾಕ್ ಗೇಟ್ ಇತ್ತು, ಮುಚ್ಚಿ ಕ್ಲೋರಿನ್, ತಾಮ್ರದ ಸಲ್ಫೇಟ್ ಹಾಕಿ ಪೂರ್ತಿ ಕೊಂದ್ರು. ಒಳಗಿದ್ದ ಬೇರೆ ಜೀವಿಗಳೂ ಸತ್ವು, ಅದು ಸಂಕಟದ ವಿಷಯ. ತೆರೆದ ಬಂದರಲ್ಲಿ ಹಾಗೆ ಮುಚ್ಚೋಕೆ ಎಲ್ಲಿಂದ ಸಾಧ್ಯ ಹೇಳಿ.

ಇಂಜಿನ್‌ರೂಮ್:
ಇನ್ನೊಂದು, ನೀರಲ್ಲೇ ಮೈ ಉಜ್ಜಿ ಕ್ಲೀನ್ ಮಾಡೋವಾಗ ಕಿತ್ತು ಬಂದಿದ್ದನ್ನ ಹೀರಿ ಹಿಡಿದಿಡೋ ಮಷೀನ್ ಇರಲೇಬೇಕು. ಇಲ್ಲಾಂದ್ರೆ ಹಡಗು ಕ್ಲೀನ್ ಆಗುತ್ತೆ, ಮೊಟ್ಟೆ, ಲಾರ್ವಾ ಎಲ್ಲಾ ಬಂದರಲ್ಲೇ ಉಳಿಯುತ್ತೆ.